ನಲವತ್ತನೆಯ ದಿನದ ವಾಸನೆ

“ಕೈ ತಗಿ ಬೇ ಮುದುಕಿ! ಇದೇನು ನಿಮ್ಮಪ್ಪ ನೆಟ್ಟ ಗಿಡಾನ?”

ಜಿಲ್ಲಾ ಕಚೇರಿಯ ಜಪಾರ್ ಸಾಹೇಬ ಬೀದಿಯಲ್ಲಿ ನಿಂತು ಕೂಗುತ್ತಿದ್ದ. ಅವನ ಇಬ್ಬರು ಆಳುಗಳು ನಮ್ಮ ಮಾಳಿಗೆ ಹತ್ತಿ ತೆರೆಸ್ಕೆನ್ ಸೌದೆಯ ಹೊರೆಗಳನ್ನು ಲಾರಿಗೆ ಎಸೆಯುತ್ತಿದ್ದರು. ಅವ್ವ ಒಂದು ಹೊರೆಯ ಹಗ್ಗ ಬಿಡಲೊಲ್ಲದೆ, ಅದರ ಜೊತೆಗೆ ತಾನೂ ಮಾಳಿಗೆಯ ಅಂಚಿನವರೆಗೆ ಜಾರಿ ಬಂದಿದ್ದಳು.

“ಯಪ್ಪಾ, ಚಳಿಗಾಲ ಬಾಗಲಿಗೆ ಬಂತ್ರಿ. ಇದನ್ನ ಒಯ್ದರ ನಾವು ಏನ್ ಉರಸೋಣ್ರಿ? ನಮ್ಮ ಕೈಕಾಲು ಉರಸೋಣೇನ್ರಿ?”

“ಉರಸ್ಕೋ, ಯಾರ್ ಬ್ಯಾಡಂದ್ರು? ಇದ ರಸ್ತಾದಾಗ ರಾಣಿ ಬರಾಕತ್ತಾಳ. ಗಿಡ ಉಳಸ್ರಿ, ಹೆಣ್ಮಕ್ಕಳನ್ನ ಉಳಸ್ರಿ ಅಂತ ಹೇಳಾಕ ಸಮುದ್ರ ದಾಟಿ ಬರ್ತಾಳ. ಆಕಿ ಕಣ್ಣಿಗೆ ಮೊದಲ ಬೀಳೂದು ಈ ಕಳ್ಳಮಾಲು! ಬೇರು ಸಮೇತ ಕಿತ್ತು ತಂದೀರಿ, ಹಡಬಿಗೋಳ್ರಾ.”

ಪಕ್ಕದ ಮನೆಯ ಉಮ್ಸುನೈ ಅಜ್ಜಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಅವಳು ಬೇಸಗೆಯಿಡೀ ತಟ್ಟಿ ಒಣಗಿಸಿದ ಬೆರಣಿಯೂ ಆಗಲೇ ಲಾರಿ ಸೇರಿತ್ತು.

“ನನ್ನ ಕುಳ್ಳು ಯಾಕ ಒಯ್ತಿಯೋ ಭಾಡ್ಯಾ? ಸಗಣೀನೂ ಬೇರು ಸಮೇತ ಕಿತ್ತೀನೇನು?”

“ಅದು ಚಂದ ಕಾಣೂದಿಲ್ಲ ಅಜ್ಜಿ.”

“ನಿನ್ನ ಮಾರೀನೂ ಚಂದ ಕಾಣೂದಿಲ್ಲ. ಅದನ್ನೂ ಲಾರ್ಯಾಗ ಒಗಿ.”

ಆಳುಗಳಿಗೇ ನಗು ಬಂತು. ಆದರೆ ಕೈ ನಿಲ್ಲಲಿಲ್ಲ.

ನಮ್ಮ ಪಾಮಿರದ ಬಯಲಲ್ಲಿ ಮರ ಎಂಬುದಿಲ್ಲ. ಬೂದುಬಣ್ಣದ ಈ ತೆರೆಸ್ಕೆನ್ ಗಿಡ ಒಂದೇ. ಮೇಲೆ ಗೇಣುದ್ದ, ಕೆಳಗೆ ಮಾರುದ್ದ ಬೇರು. ಚೆನ್ನಾಗಿ ಉರಿಯುವುದು ಆ ಬೇರೇ. ನನ್ನ ಅಜ್ಜಿಯ ಕಾಲಕ್ಕೆ ಬಾಗಿಲು ತೆರೆದರೆ ಕಾಲಿಗೆ ತೊಡರುತ್ತಿತ್ತಂತೆ. ಈಗ ಕತ್ತೆ ಹೊಡೆದುಕೊಂಡು ಎರಡು ದಿನ ನಡೆಯಬೇಕು. ಕಿತ್ತ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲವೆಂದು ನಮಗೂ ಗೊತ್ತು. ಗೊತ್ತಿದ್ದೇ ಕೀಳುತ್ತೇವೆ. ಗುದ್ದಲಿ ಹಾಕುವ ಮೊದಲು ಅವ್ವ ಒಂದೊಂದು ಗಿಡಕ್ಕೂ “ತಪ್ಪಾತವ್ವ” ಎನ್ನುತ್ತಾಳೆ.

ಆ ಹೊರೆಗಳನ್ನು ಕಟ್ಟಿದವಳು ನನ್ನ ಅಕ್ಕ ಬುರುಲ್. ಹೆರಿಗೆಗೆಂದು ತವರಿಗೆ ಬಂದಿದ್ದಳು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡೂ, ಕೂತು ಉಣ್ಣಲಾರೆನೆಂದು ನಮ್ಮ ಜೊತೆ ಗುಡ್ಡಕ್ಕೆ ಬಂದಳು. ನಾವು ಅಗೆದರೆ ಅವಳು ಕಟ್ಟುತ್ತಿದ್ದಳು. ಅಕ್ಕ ಎಡಗೈಯವಳು, ಅವಳ ಗಂಟಿನ ತಿರುವು ಎಲ್ಲರ ಗಂಟಿಗಿಂತ ಉಲ್ಟಾ. ಲಾರಿಯಲ್ಲಿ ರಾಶಿ ಬೀಳುತ್ತಿದ್ದ ಆ ಗಂಟುಗಳನ್ನೇ ನೋಡುತ್ತ ನಾನು ನಿಂತಿದ್ದೆ.

ಅಕ್ಕ ಸತ್ತು ಅಂದಿಗೆ ಮೂವತ್ತೊಂದು ದಿನ. ಊರಿನ ಹೆರಿಗೆ ಕೋಣೆಯ ಒಲೆಗೂ ನಾವೇ ಸೌದೆ ಹೊತ್ತು ಹೋಗಿದ್ದೆವು. ಡಾಕ್ಟರಿದ್ದ ಊರು ಜೀಪಿನಲ್ಲಿ ಏಳು ತಾಸು, ಜೀಪು ಇರಲಿಲ್ಲ. ನೋವಿನ ನಡುವೆ ಅಕ್ಕ, “ಯವ್ವಾ, ಬಿಸಿ ಬಿಸಿ ಬೋರ್ಸೋಕ್ ತಿನ್ನಬೇಕನಸ್ತೈತಿ,” ಎಂದಳು. “ಹಡದು ಏಳು ನನ್ನವ್ವ, ಬಾಣಲಿ ತುಂಬ ಕರೀತೀನಿ,” ಎಂದಳು ಅವ್ವ. ಮಗು ಒಳಗೇ ಉಳಿಯಿತು. ಅಕ್ಕನೂ ಏಳಲಿಲ್ಲ.

ಸತ್ತವರಿಗೆ ಹಸಿವೆ ಇರುತ್ತದೆ, ಬಾಯಿ ಇರುವುದಿಲ್ಲ ಎಂದು ನನ್ನ ಅಜ್ಜಿ ಕಥೆ ಹೇಳುತ್ತಿದ್ದಳು. ಗುರುವಾರ ಸಂಜೆ ಅವರು ಹಕ್ಕಿಗಳ ಹಾಗೆ ಬಂದು ತಮ್ಮ ತಮ್ಮ ಮನೆಯ ಮಾಳಿಗೆಯ ಸೌದೆ ರಾಶಿಯ ಮೇಲೆ ಕೂರುತ್ತಾರಂತೆ. ಕೆಳಗೆ ಹಿಟ್ಟಿನ ತುಂಡುಗಳನ್ನು ಎಣ್ಣೆಯಲ್ಲಿ ಬಿಟ್ಟು ಬೋರ್ಸೋಕ್ ಕರಿದರೆ ಆ ವಾಸನೆಯೇ ಅವರ ಊಟ. ಹೊಸದಾಗಿ ಸತ್ತವರು ನಲವತ್ತು ದಿನ ಮನೆಯ ಸುತ್ತಲೇ ಇರುತ್ತಾರಂತೆ. ನಲವತ್ತನೆಯ ಸಂಜೆ ವಾಸನೆ ಬರದಿದ್ದರೆ, ತಮಗೆ ಯಾರೂ ಇಲ್ಲವೆಂದು ತಿಳಿದು ಎದ್ದು ಹೋಗುತ್ತಾರೆ. ಮತ್ತೆ ಬರುವುದಿಲ್ಲ.

ಅಕ್ಕನ ನಲವತ್ತನೆಯ ದಿನ ಗುರುವಾರ. ರಾಣಿ ಬರುವುದೂ ಅಂದೇ.

ಬೀದಿಯ ಎಲ್ಲ ಮನೆಗಳ ಸೌದೆಯಿಂದ ಲಾರಿ ತುಂಬಿದ ಮೇಲೆ ಜಪಾರ್ ಸಾಹೇಬನ ಕಣ್ಣು ನನ್ನ ಮೇಲೆ ಬಿತ್ತು.

“ಏ ಹುಡುಗಿ, ಹೆಸರೇನು?”

“ಕುಂದುಜ್.”

“ನಗು ನೋಡೂಣು.”

ನಾನು ನಗಲಿಲ್ಲ. ಅವನು ಬೆರಳಿನಿಂದ ನನ್ನ ತುಟಿ ಎತ್ತಿ, ಕುದುರೆ ಕೊಳ್ಳುವವರ ಹಾಗೆ ನೋಡಿದ. “ಹಲ್ಲು ಚಲೋ ಅದಾವು. ಸೂರ್ಯನ ಒಲಿ ಮುಂದ ಇಕಿನ್ನ ನಿಂದರಸೂಣು.”

ಅವ್ವ ಏಣಿ ಇಳಿದು ಓಡಿಬಂದಳು. “ನಿಂದರತಾಳ್ರಿ ಸಾಹೇಬ್ರ. ಖರೇ ಒಂದು ಹೊರಿ ಬಿಟ್ಟು ಹೋಗ್ರಿ. ಒಂದ ಒಂದು. ಗುರುವಾರ ನನ್ನ ಹಿರೇ ಮಗಳ ನಲವತ್ತು. ವಾಸನಿ ತಗೀಬೇಕ್ರಿ.”

“ಈಗ ಬಿಡಾಕ ಬರೂದಿಲ್ಲ. ಇಕಿ ಹೇಳಿಕೊಟ್ಟಂಗ ಮಾತಾಡ್ಲಿ. ರಾಣಿ ಕಾರು ಗುಡ್ಡ ದಾಟಿದ ಕೂಡಲೇ ಒಂದು ಹೊರಿ ನಿಮ್ಮ ಬಾಗಲಿಗೆ ಬರ್ತೈತಿ. ಒಂದು ಮಾತು ಹೆಚ್ಚುಕಡಿಮಿ ಆತಂದ್ರ ಕಳ್ಳಸೌದಿ ಕೇಸು ಹಾಕಿ ನಿನ್ನ ಒಳಗ ತಳ್ತೀನಿ.”

“ಅಲ್ಲಾನ ಆಣಿ ಮಾಡ್ರಿ.”

“ಆತು ಬೇ, ಆಣಿ.” ಲಾರಿಯ ಬಾಗಿಲು ಎಳೆದುಕೊಳ್ಳುತ್ತ ಅವನು ಆಣೆ ಮಾಡಿದ.

ಎಂಟು ದಿನ ನನಗೆ ಒಂದೇ ಮಾತು ಕಲಿಸಿದರು: ‘ಈ ಒಲೆ ಬಂದ ಮೇಲೆ ನಾನು ಸೌದೆಗೆ ಹೋಗುವುದಿಲ್ಲ, ಶಾಲೆಗೆ ಹೋಗುತ್ತೇನೆ.’ ಶಾಲೆ ಬಿಟ್ಟು ನನಗೆ ನಾಲ್ಕು ವರ್ಷವಾಗಿತ್ತು. ರಾಣಿ ಹೋಗುವತನಕ ಯಾರೂ ಸೌದೆಗೆ ಹೋಗಕೂಡದೆಂದು ಗುಡ್ಡದ ದಾರಿಗೆ ಕಾವಲು ಹಾಕಿದ್ದರು. ಒಲೆಯೆಂದರೆ ಬಿಸಿಲು ಹಿಡಿದು ಕಾಯಿಸುವ ದೊಡ್ಡ ಕನ್ನಡಿ ತಟ್ಟೆ, ಅದರ ನಡುವೆ ಕೆಟಲ್ ಇಡುವ ಕಂಬಿ. ಅದನ್ನು ಹೊತ್ತು ಬಂದ ಪೆಟ್ಟಿಗೆಯ ಮೇಲೆ ಮುಂದಿನ ಜಿಲ್ಲೆಯ ಹೆಸರು ಆಗಲೇ ಬರೆದಿತ್ತು.

ಗುರುವಾರ ಬೆಳಿಗ್ಗೆ ನಾನು ಕಪ್ಪು ಬಟ್ಟೆಯಲ್ಲೇ ಹೋದೆ.

“ಕರಿ ಅರಿವಿ ತಗಿ!” ಜಪಾರ್ ಸಾಹೇಬ ರೇಗಿದ. “ರಾಣಿ ಹೆಣದ ಮನಿಗೆ ಬರಾಕತ್ತಾಳೇನು? ಕೆಂಪು ಉಟ್ಟು ಬಾ.”

ನಲವತ್ತು ಮುಗಿಯುವತನಕ ನಮ್ಮಲ್ಲಿ ಯಾರೂ ಕೆಂಪು ಮುಟ್ಟುವುದಿಲ್ಲ. ಮನೆಯಲ್ಲಿದ್ದ ಕೆಂಪು ಒಂದೇ, ಅಕ್ಕನ ಮದುವೆಯ ಮಖಮಲ್ಲು. ಅವ್ವ ಪೆಟ್ಟಿಗೆಯಿಂದ ಅದನ್ನು ತೆಗೆದಳು. ಗುಂಡಿ ಹಾಕುವಾಗ ನನ್ನ ಮುಖ ನೋಡಲಿಲ್ಲ.

“ಒಂದು ಹೊರಿ ಸಲುವಾಗಿ ನನ್ನವ್ವ,” ಎಂದಳು. “ಹಲ್ಲು ಕಚ್ಚಿ ನಿಂತ್ಕೋ.”

ಮಧ್ಯಾಹ್ನ ಮೋಡ ಮುಚ್ಚಿಕೊಂಡಿತು. ನಮ್ಮ ಮನೆಗಳ ಎದುರಿನ ಬಯಲಲ್ಲಿ ಡೇರೆ ಹಾಕಿದ್ದರು. ಕನ್ನಡಿ ತಟ್ಟೆಯಲ್ಲಿ ಬೂದು ಆಕಾಶ ಬಿಟ್ಟರೆ ಏನೂ ಇರಲಿಲ್ಲ, ಕೆಟಲ್ ತಣ್ಣಗೆ ಕೂತಿತ್ತು. ಕಾರುಗಳ ಧೂಳು ಕಾಣುತ್ತಲೇ ಜಪಾರ್ ಸಾಹೇಬ ಕೆಟಲ್ ಎತ್ತಿಕೊಂಡು ಡೇರೆಯ ಹಿಂದಕ್ಕೆ ಓಡಿದ. ಅಲ್ಲಿ ಅತಿಥಿಗಳ ಊಟಕ್ಕೆ ಕುರಿ ಬೇಯುತ್ತಿತ್ತು. ತಿರುಗಿ ಬಂದಾಗ ಕೆಟಲ್ ಕುದಿಯುತ್ತಿತ್ತು. ಗಾಳಿ ತಿರುಗಿತು. ತೆರೆಸ್ಕೆನ್ ಬೇರಿನ ಹೊಗೆ ನನಗೆ ಗೊತ್ತಾಗದೆ ಇರುತ್ತದೆಯೆ? ನಮ್ಮ ಮಾಳಿಗೆಯದು.

ರಾಣಿ ಅವ್ವನ ವಯಸ್ಸಿನವಳು. ಅಜ್ಜಿಯ ಕಥೆಗಳ ರಾಣಿಯರಿಗೆ ನೆಲಕ್ಕೆ ಎಳೆಯುವ ಜಡೆ ಇರುತ್ತಿತ್ತು. ಇವಳಿಗೆ ಗಿಡ್ಡ ಕೂದಲು, ನೀಲಿ ಕೋಟು, ಚಳಿಗೆ ಕೆಂಪಾದ ಮೂಗು. ನಾನು ಕಲಿತ ಮಾತು ಹೇಳಿದೆ. ಪೇಟೆಯಿಂದ ಬಂದ ಹೆಂಗಸೊಬ್ಬಳು ಅದನ್ನು ಅವಳ ಭಾಷೆಗೆ ತಿರುಗಿಸಿದಳು. ರಾಣಿ ಕೈಗವಸು ಕಳಚಿ ನನ್ನ ಎರಡೂ ಕೈ ಹಿಡಿದುಕೊಂಡಳು. ಹಿಡಿದವಳು ಅಂಗೈ ಮೇಲೆ ಮಾಡಿ ನೋಡಿದಳು. ಸೀಳುಗಳು, ಸೀಳಿನೊಳಗೆ ಎಷ್ಟು ತೊಳೆದರೂ ಹೋಗದ ಕಪ್ಪು.

ಅವಳು ಏನೋ ಮೆಲ್ಲಗೆ ಕೇಳಿದಳು.

“ನಿಂಗೆ ಏನಾದ್ರೂ ಬೇಕಾ ಅಂತ ಕೇಳ್ತಿದಾರೆ,” ಎಂದಳು ಪೇಟೆಯವಳು. “ಹೆದರಬೇಡ, ನಿನ್ನ ಮನಸಲ್ಲಿರೋದನ್ನೇ ಹೇಳು.”

ಅವಳ ಕೈ ಬೆಚ್ಚಗಿತ್ತು. ಹೇಳಬಹುದಿತ್ತು. ಅವಳ ಭುಜದ ಹಿಂದೆ ಜಪಾರ್ ಸಾಹೇಬ ನಿಂತಿದ್ದ. ಅವನ ಹಿಂದೆ ಹೆಂಗಸರ ಸಾಲಿನಲ್ಲಿ ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

“ಏನೂ ಬೇಡ,” ಎಂದೆ.

ರಾಣಿ ತಲೆಯಾಡಿಸಿದಳು. ಆಮೇಲೆ ಮುಖವೆತ್ತಿ ಗಾಳಿ ಮೂಸಿದಳು. ಇದೇನು ಇಷ್ಟು ಒಳ್ಳೆಯ ವಾಸನೆ ಎಂದು ಕೇಳಿದಳಂತೆ. ಜಪಾರ್ ಸಾಹೇಬ, “ನಮ್ಮ ಕಡೀ ಧೂಪ. ದೊಡ್ಡವರು ಬಂದಾಗ ಹಾಕ್ತೇವ್ರಿ,” ಎಂದ. ಅಷ್ಟಕ್ಕೇ ನಿಲ್ಲಲಿಲ್ಲ. ಡೇರೆಯ ಹಿಂದೆ ಹೋಗಿ ಒಂದು ಹೊರೆ ತಂದ. ಅಕ್ಕನ ಗಂಟು ಅವನ ಬೆರಳಿಗೆ ಬಿಚ್ಚಲಿಲ್ಲ. ಚಾಕುವಿನಿಂದ ಕೊಯ್ದ. ಚೆಂದದ್ದೊಂದು ಬೇರು ಆರಿಸಿ, ಪಟ್ಟೆ ಬಟ್ಟೆಯಲ್ಲಿ ಸುತ್ತಿ ರಾಣಿಯ ಕೈಗೆ ಕೊಟ್ಟ. ಅವಳು ಅದನ್ನು ಮಗುವಿನ ಹಾಗೆ ಎದೆಗೆ ಹಿಡಿದುಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಬಯಲಲ್ಲಿ ಒಂದು ವಿಲೋ ಸಸಿ ನೆಟ್ಟಳು. ಅದರ ಸುತ್ತ ಹಸಿರು ಬಣ್ಣ ಬಳಿದ ಹಲಗೆಗಳ ಬೇಲಿ, ಒಂದು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಅವಳ ಹೆಸರು. ಕಾರುಗಳು ಗುಡ್ಡ ದಾಟಿದವು. ಕನ್ನಡಿ ಒಲೆ ಪೆಟ್ಟಿಗೆ ಸೇರಿತು.

ನಾವು ಬಾಗಿಲಲ್ಲಿ ಕಾದೆವು. ಅವ್ವ ಹಿಟ್ಟು ನಾದಿ ಇಟ್ಟಿದ್ದಳು. ಮೋಡ ಹರಿದು, ಬಿಸಿಲು ಗುಡ್ಡದ ನೆತ್ತಿಗೆ ಹೋದಾಗ ಎದ್ದು, “ನಡಿ,” ಎಂದಳು.

ಡೇರೆಯಲ್ಲಿ ಜಪಾರ್ ಸಾಹೇಬ ಮೂಳೆ ಚೀಪುತ್ತಿದ್ದ. ಮುಖ ಎಣ್ಣೆ ಎಣ್ಣೆ. ಬಹಳ ಖುಷಿಯಲ್ಲಿದ್ದ.

“ಬಾ ಬೇ ಕಾನಿಮ್ ಮುದುಕಿ! ನಿನ್ನ ಮಗಳು ಗೆದ್ದಳು ಬಿಡು. ರಾಣಿ ಜೋಡಿ ಫೋಟೋ ಕಳಸಿಕೊಡ್ತೀನಿ, ಗ್ವಾಡಿಗೆ ಹಾಕ್ಕೋ.”

“ಹೊರಿ, ಸಾಹೇಬ್ರ.”

“ಯಾವ ಹೊರಿ? ನಾಲ್ಕು ಕುರಿ ಬೇಯಿಸೂದರಾಗ ಎಲ್ಲಾ ಆತು. ಒಂದು ಬೇರು ರಾಣಿ ಜೋಡಿ ಇಮಾನ ಹತ್ತೇತಿ! ನಿನ್ನ ಸೌದಿ ಅರಮನಿ ನೋಡ್ತು, ಮತ್ತೇನ್ ಬೇಕು?”

“ಆಣಿ ಮಾಡೀರಿ.”

ಅವನ ನಗು ಆರಿತು. ಎದುರಿಗಿದ್ದ ತಟ್ಟೆಯನ್ನು ಅವ್ವನ ಕಡೆ ನೂಕಿದ. ಅತಿಥಿಗಳು ತಿಂದು ಬಿಟ್ಟ ಬೋರ್ಸೋಕ್. ಕೆಲವು ಅರ್ಧ ಕಚ್ಚಿದವು. “ತಗೋ, ಕರದದ್ದ ಅದಾವು. ಸೌದಿ ಖರ್ಚೂ ಇಲ್ಲ, ಎಣ್ಣಿ ಖರ್ಚೂ ಇಲ್ಲ. ಸತ್ತಾಕಿಗೆ ಇಡು ಹೋಗು.”

ಅವ್ವ ಒಂದನ್ನು ಎತ್ತಿಕೊಂಡು ಮೂಸಿದಳು. ಮೆಲ್ಲಗೆ ತಿರುಗಿ ತಟ್ಟೆಯಲ್ಲಿಟ್ಟಳು.

“ತಂಗಳದ್ದಕ್ಕ ವಾಸನಿ ಇರಂಗಿಲ್ಲ ಸಾಹೇಬ,” ಎಂದಳು.

“ಹಂಗಾದ್ರ ಹೇಲು ಮೂಸು, ನಡಿ!”

ಹೊರಗೆ ಬಂದೆವು. ಅವ್ವ ಅಳುತ್ತಾಳೆಂದುಕೊಂಡೆ. ಅವಳು ಬಯಲಿನ ನಡುವೆ ನಿಂತಳು. ಊರಿನ ಈ ಬದಿಯಲ್ಲಿ ಉಳಿದಿದ್ದ ಒಣ ಕಟ್ಟಿಗೆಯೆಂದರೆ ಆ ಹಸಿರು ಬೇಲಿ.

“ಗುದ್ದಲಿ ತಾ,” ಎಂದಳು.

“ಯವ್ವಾ, ಕೇಸು ಹಾಕ್ತಾರ. ಒಳಗ ಹಾಕ್ತಾರ.”

“ಹಾಕ್ಲಿ. ಒಳಗರ ಬೆಚ್ಚಗಿರ್ತೈತೇನೋ. ಗುದ್ದಲಿ ತಾ.”

ಮೊದಲ ಹಲಗೆ ಕಿತ್ತು ಬರುವಾಗ ಆದ ಸದ್ದಿಗೆ ಉಮ್ಸುನೈ ಅಜ್ಜಿ ಬಾಗಿಲು ತೆರೆದಳು. ನೋಡಿದಳು. ಒಳಗೆ ಹೋದಳು. ಹೆದರಿದಳು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬೋಗುಣಿಯಲ್ಲಿ ಹಿಟ್ಟಿನ ಮುದ್ದೆ ಹಿಡಿದುಕೊಂಡು ಬಂದಳು.

“ಹ್ವಾದ ಗುರುವಾರನೂ ನಮ್ಮ ಮುದುಕಗ ಉಪವಾಸ, ಕಾನಿಮ್. ಬದುಕಿದ್ದಾಗ ಒಂದು ಹೊತ್ತು ತಡಾ ಆದ್ರ ಬಡೀತಿದ್ದ, ಹಾಟ್ಯಾನ ಮಗ. ನಂದೂ ಎರಡು ಕರದು ಕೊಡು.”

ಅವಳ ಹಿಂದೆ ಇನ್ನೊಬ್ಬಳು ಬಂದಳು. ಬೀದಿಯ ಉದ್ದಕ್ಕೂ ಬಾಗಿಲುಗಳು ಸದ್ದು ಮಾಡಿದವು. ಎಲ್ಲರ ಕೈಯಲ್ಲೂ ಹಿಟ್ಟು.

ನಮ್ಮ ಅಂಗಳದಲ್ಲಿ ಒಲೆ ಹೂಡಿದೆವು. ಹಲಗೆಗಳು ಬಣ್ಣದ ಸಮೇತ ಹೊತ್ತಿಕೊಂಡವು. ಕಪ್ಪು ಹೊಗೆ, ಮೂಗು ಉರಿಯುವಂಥ ಘಾಟು. ಎಣ್ಣೆ ಕಾದು ಮೊದಲ ಒಬ್ಬೆ ಉಬ್ಬಿ ಮೇಲೆ ಬಂದಾಗ ಕರಿದ ಹಿಟ್ಟಿನ ವಾಸನೆಯೂ ಎದ್ದಿತು. ಬಣ್ಣದ ಘಾಟು ಅದರೊಳಗೆ ಹೊಕ್ಕು ಕೂತಿತ್ತು.

“ಗುರುತು ಹಿಡೀತಾಳೇನ ಬುರುಲ್?” ಅವ್ವ ಬಾಣಲೆಯನ್ನೇ ನೋಡುತ್ತ ಕೇಳಿದಳು. “ಇದು ನಮ್ಮ ಮನೀದು ಅಂತ ಗೊತ್ತಾಕೈತೇನ?”

ಬಯಲಲ್ಲಿ ಬೇಲಿಯಿಲ್ಲದ ಸಸಿಯ ಹತ್ತಿರ ಯಾರದೋ ಎರಡು ಮೇಕೆಗಳು ಸೇರಿದ್ದವು.

ಕಚೇರಿಯ ಕಡೆಯಿಂದ ಜೀಪು ಬಂತು. ಜಪಾರ್ ಸಾಹೇಬ ಇಳಿದ, ಅವನ ಜೊತೆ ಇಬ್ಬರು ಪೊಲೀಸರು.

“ಯಾವ ರಂಡಿ ಅಕಿ ಬೇಲಿ ಕಿತ್ತಾಕಿ?”

ಅವ್ವ ತಿರುಗಲಿಲ್ಲ. “ನಾನ. ಕಡೀ ಒಬ್ಬಿ ಐತಿ. ಅದು ಆಗೂತನ ಅಲ್ಲೇ ನಿಂದರು.”

“ಒದ್ದು ಆರಸ್ರಲೇ ಆ ಒಲಿ!”

ಪೊಲೀಸರು ಒಂದು ಹೆಜ್ಜೆ ಮುಂದಿಟ್ಟರು. ಅವ್ವ ಸೌಟು ಕೆಳಗಿಟ್ಟಳು. ತಲೆಯ ಕಪ್ಪು ವಸ್ತ್ರ ಬಿಚ್ಚಿ, ಅದರ ಎರಡು ತುದಿಗಳನ್ನು ಬಾಣಲೆಯ ಎರಡು ಕಿವಿಗೆ ಸುತ್ತಿ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಕೂತಳು. ಎಣ್ಣೆ ಕೊತಕೊತ ಕುದಿಯುತ್ತಿತ್ತು. ಹೆಂಗಸರು ಹತ್ತಿರ ಸರಿದರು. ಪೊಲೀಸರು ನಿಂತರು.

ನಾನು ಹೆಸರಿದ್ದ ಹಲಗೆಯನ್ನು ಒಲೆಗೆ ನೂಕಿದೆ. ಬಿಳಿ ಅಕ್ಷರಗಳು ಗುಳ್ಳೆಯೆದ್ದು ಒಡೆದವು. ಹೊಗೆ ನೇರವಾಗಿ ಮಾಳಿಗೆಯ ಕಡೆ ಏರಿತು. ಅದರ ಹಿಂದೆಯೇ ನಾನೂ ಕಣ್ಣೆತ್ತಿದೆ. ಮಾಳಿಗೆ ಬೋಳಾಗಿತ್ತು. ಅಕ್ಕ ಬಂದಿದ್ದರೂ ಕೂರಲು ಅಲ್ಲಿ ಏನೂ ಇರಲಿಲ್ಲ.