ದಾರಿಯಲ್ಲಿ ನಿಲ್ಲುವ ಜಾಗಗಳು

"ಇಲ್ಲೊಂದು ಸಲ ನಿಲ್ಲಿಸೋಣ," ಎಂದು ಮಾವ ಫೋನಿನ ನಕ್ಷೆಯ ಮೇಲೆ ಬೆರಳಿಟ್ಟರು. ಕಾರಿನ ಸೀಟು ಹೊಲಿದು ಹೊಲಿದು ದಪ್ಪಗಾಗಿದ್ದ ಆ ಬೆರಳಿನಡಿ ಊರಿಗೆ ಊರೇ ಮುಚ್ಚಿಹೋಯಿತು. "ಚಾರ್ಜ್ ಹಾಕೋ ಜಾಗದ ಪಕ್ಕದಲ್ಲೇ ಕೆರೆ ಇದೆ. ಆಮೇಲೆ ಇಲ್ಲಿ. ಗುಡ್ಡ ಹತ್ತೋ ಮುಂಚೆ ಇಲ್ಲೊಂದು ಸಲ."

ಬಟ್ಟೆ ಮಡಚುತ್ತಿದ್ದ ಅತ್ತೆ ತಲೆಯೆತ್ತಿ, "ಬಸ್ಸೂ ಇಷ್ಟು ಕಡೆ ನಿಲ್ಲಲ್ಲ. ಹೊಟ್ಟೆಬಾಕತನ ಕಾರಿಗೋ, ನಿಮಗೋ?" ಎಂದರು.

"ಬ್ಯಾಟರೀನ ನಂಬೋಕಾಗಲ್ಲ ಕಣೇ. ಏರು ಸಿಕ್ಕರೆ ಗಟಗಟ ಕುಡಿಯುತ್ತೆ."

ಸೊಸೆ ನಕ್ಷೆಯತ್ತ ಬಗ್ಗಿ ನೋಡಿದಳು. ಕಾರು ಅವಳದೇ, ನರ್ಸ್ ಕೆಲಸಕ್ಕೆಂದು ರೋಗಿಗಳ ಮನೆಮನೆಗೆ ಅದರಲ್ಲೇ ಓಡಾಡುತ್ತಿದ್ದಳು. ಇಷ್ಟು ದೂರಕ್ಕೆ ಒಂದೇ ಒಂದು ಸಲ ನಿಂತರೆ ಧಾರಾಳ ಎಂಬುದು ಅವಳಿಗೆ ಗೊತ್ತಿತ್ತು. ಗಂಡ ತೀರಿಕೊಂಡ ಮೇಲೂ ಈ ಮನೆ ಬಿಡದೆ ಉಳಿದವಳು, ಈಗ ಇನ್ನೊಬ್ಬರ ಕೈಹಿಡಿಯಲು ಹೊರಟಿದ್ದಳು. 'ಹೋಗಮ್ಮ, ಬದುಕು' ಎಂದು ಮೊದಲು ಹೇಳಿದವರೇ ಮಾವ. ಬಿಟ್ಟುಬರಲು ನಾನೇ ಬರುತ್ತೇನೆ, ವಾಪಸು ರೈಲು ಹಿಡಿಯುತ್ತೇನೆ ಎಂದವರೂ ಅವರೇ.

"ಆಗಲಿ ಮಾವ. ಅಲ್ಲೆಲ್ಲ ನಿಲ್ಲಿಸೋಣ," ಎಂದಳು.

ಮಂಜು ಕವಿದ ಬೆಳಗ್ಗೆ ಹೊರಟರು. ಸದ್ದಿಲ್ಲದ ಕಾರಿನ ಹೊರಗೆ ಮರಗಳು, ಗೋದಾಮುಗಳು, ದೂರದ ಸೇತುವೆ ಎಲ್ಲವೂ ನೀರೊಳಗೆ ತೇಲಿಹೋದಂತೆ ಹಿಂದೆ ಸರಿದವು. ತಾನೇ ಓಡಿಸುತ್ತಿದ್ದೇನೆಯೋ, ಯಾರೋ ಕನಸಿನಲ್ಲಿ ಹೊತ್ತೊಯ್ಯುತ್ತಿದ್ದಾರೋ ಎಂಬುದೇ ಅವಳಿಗೆ ಮರೆತುಹೋಯಿತು.

ಕೆರೆಯ ದಂಡೆಯಲ್ಲಿ ಬ್ರೆಡ್ಡು ತಿನ್ನುತ್ತಾ ಮಾವ ಇದ್ದಕ್ಕಿದ್ದಂತೆ, "ಅವನಿಗೆ ಈಜು ಬರ್ತಿರಲಿಲ್ಲ, ಗೊತ್ತಾ?" ಎಂದರು.

"ಈ ಕೆರೆ ಏನು, ಸಮುದ್ರಾನೂ ದಾಟ್ತೀನಿ ಅಂದಿದ್ರಲ್ಲ ನನ್ನ ಹತ್ರ!"

"ಸುಳ್ಳ! ಮೊಣಕಾಲಿಗೆ ನೀರು ಬಂದರೆ ಅಮ್ಮಾ ಅಂತಿದ್ದ."

ಇಬ್ಬರಿಗೂ ನಗು ಉಕ್ಕಿತು. ಅವಳ ಗಂಡ ಹೋದ ಮೇಲೆ ಅವನ ಮಾತೆತ್ತಿ ನಕ್ಕದ್ದು ಅದೇ ಮೊದಲು. ಬಾತುಕೋಳಿಗಳು ಬೆದರಿ ಒಂದಿಷ್ಟು ದೂರ ಸರಿದು, ಮತ್ತೆ ತಿರುಗಿ ಬಂದವು.

ಗುಡ್ಡ ಹತ್ತಿ ಇಳಿದರೆ ಅವಳ ಹೊಸ ಊರು. ಬ್ಯಾಟರಿ ಇನ್ನೂ ಮುಕ್ಕಾಲಿತ್ತು. ಆದರೂ ಮಾವ ಕೊನೆಯ ಜಾಗದಲ್ಲಿ ಕಾರು ನಿಲ್ಲಿಸಲು ಹೇಳಿ, ತಾವೇ ಇಳಿದು ವೈರು ಎಳೆದು ಚುಚ್ಚಿದರು.

"ಮಾವ, ಬೇಕಾದಷ್ಟಿದೆ."

"ಇರಲಿ." ಅವರು ಅವಳ ಮುಖ ನೋಡಲಿಲ್ಲ. "ತವರಿಂದ ಯಾರಾದರೂ ಅರೆಬರೆ ಕಳಿಸ್ತಾರಾ?"

ಅವಳು ನೀರಿನ ಬಾಟಲಿ ಹುಡುಕುವಷ್ಟರಲ್ಲಿ ಮಾವ ಒಳಗೆ ಬಂದು ಕೂತು, ಸೀಟಿಗೆ ತಲೆ ಆನಿಸಿ, ನೋಡನೋಡುತ್ತಲೇ ನಿದ್ದೆಹೋದರು. ಬಾಯಿ ಮಗುವಿನ ಹಾಗೆ ತುಸು ತೆರೆದಿತ್ತು.

ಸ್ವಲ್ಪ ಹೊತ್ತಿಗೆ ಫೋನು ಮಿಣುಕಿತು. ಮದುವೆಯಾಗಲಿರುವವನು. "ಎಲ್ಲಿದ್ದೀರಿ? ದಾರಿ ನೋಡ್ತಾ ಇದೀನಿ."

ಕಾರಿನ ಪರದೆಯಲ್ಲಿ ಬ್ಯಾಟರಿ ತುಂಬಿದೆ ಎಂಬ ಹಸಿರು ಗುರುತು ಮೂಡಿ ಎಷ್ಟೋ ಹೊತ್ತಾಗಿತ್ತು.

"ಚಾರ್ಜ್ ಆಗ್ತಾ ಇದೆ," ಎಂದು ಬರೆದು ಕಳಿಸಿ, ಅವಳೂ ತನ್ನ ಸೀಟನ್ನು ಮೆಲ್ಲಗೆ ಹಿಂದಕ್ಕೆ ವಾಲಿಸಿದಳು. ಎಲ್ಲಿಂದಲೋ ತೇಲಿಬಂದ ಹತ್ತಿಯ ಎಳೆಯೊಂದು ಗಾಜಿನ ಮೇಲೆ ಇಳಿದು, ಹಾರುವುದೋ ಬೇಡವೋ ಎಂಬಂತೆ ನಡುಗುತ್ತಾ ಅಲ್ಲೇ ಕೂತಿತು.