ಮಾವನ ಗಂಟಲು ಕೆಟ್ಟ ವಾರ

ಒಗೆದು ಒಣಗಿಸಿದ ಚೀಲಗಳನ್ನು ಒಳಹೊರಗು ಮಾಡಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆವು. ಬೆರಳು ತೂರುವಷ್ಟು ಹರಿದಿದ್ದರೂ ಸಾಕು, ಹಾವಿಗೆ ಅದು ಬಾಗಿಲು. ನಾನು ನೋಡಿದ ಚೀಲವನ್ನು ಮಾವ ಇನ್ನೊಮ್ಮೆ ನೋಡಿ ಮಡಚಿ ಇಡುತ್ತಿದ್ದರು. ಇಬ್ಬರದೂ ಮಾತಿಲ್ಲ. ನಾನು ಹುಟ್ಟಿದಾಗಿನಿಂದ ಹೀಗೇ. ಮಾವ ಮಾತ್ರ ಮೊನ್ನೆಯಿಂದ.

ನನ್ನ ಸೋದರಮಾವ ಮನೆಗಳಿಗೆ ನುಗ್ಗಿದ ಹಾವುಗಳನ್ನು ಹಿಡಿದು ಊರಾಚೆ ಬಿಡುವವರು. ಆ ಕೆಲಸದಲ್ಲಿ ಕೈಯಷ್ಟೇ ಬಾಯಿಯೂ ಬೇಕು. “ಹಿಂದೆ ಸರೀರಿ, ಕಲ್ಲು ಹೊಡೀಬೇಡಿ, ಫೋಟೋ ಆಮೇಲೆ” ಎಂದು ಒಂದೇ ಸಮನೆ ಕೂಗುತ್ತಿರಬೇಕು. ಮೊನ್ನೆ ಒಂದು ಗೋದಾಮಿನ ಮುಂದೆ ಸೇರಿದ ಜನರನ್ನು ಕೂಗಿ ಕೂಗಿ ಹಿಂದೆ ಸರಿಸುವಷ್ಟರಲ್ಲಿ ಅವರ ಗಂಟಲು ಕೂತುಹೋಯಿತು. ವಾರದ ತನಕ ಪಿಸುಮಾತೂ ಆಡಬಾರದು ಎಂದು ಡಾಕ್ಟರು ಹೇಳಿದ್ದರು.

ಅತ್ತೆ ಬಾಗಿಲಿಗೆ ಒರಗಿ ನಮ್ಮಿಬ್ಬರನ್ನೂ ನೋಡಿದರು. “ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ, ಇವರ ಗಂಟಲು ಮಾತ್ರ ಹರೀತು. ಮನೇಲಿ ಒಂದು ಮೌನಗೌರಿ ಸಾಲದು ಅಂತ ಅದಕ್ಕೊಂದು ಜೋಡಿ ಬೇರೆ. ನಾನಿನ್ನು ಗೋಡೆ ಜೊತೆ ಮಾತಾಡ್ಲಾ?”

ಮಾವ ಗೋಡೆಯತ್ತ ಕೈ ಮಾಡಿ, ಮಾತಾಡು ಎಂಬಂತೆ ತಲೆಯಾಡಿಸಿದರು.

“ತಮಾಷೆ ಸಾಕು. ಲೇ ಹುಡುಗಿ, ಸೋಮವಾರದಿಂದ ನನ್ನ ತಂಗಿಯ ಹೊಲಿಗೆ ಅಂಗಡಿಗೆ ಹೋಗು. ಹೊಲಿಗೆ ನೋಡೋ ಕಣ್ಣಿದೆ ನಿನಗೆ. ಅಲ್ಲಿ ಮಿಷನ್ ಮಾತಾಡುತ್ತೆ, ನೀನು ಸುಮ್ನಿರಬಹುದು. ಇಲ್ಲಿ ಚೀಲ ಹೊತ್ಕೊಂಡು ಎಷ್ಟು ದಿನ ಅಂತ ಇವರ ಹಿಂದೆ ತಿರುಗ್ತೀಯ? ನಾಳೆ ಒಬ್ಬಳೇ ಹೋಗಬೇಕಾಗಿ ಬಂದರೆ ಜನರಿಗೆ ಏನು ಹೇಳ್ತೀಯ?”

ಅತ್ತೆ ಕೆಟ್ಟವರಲ್ಲ. ಅವರ ಪ್ರಶ್ನೆಯೂ ತಪ್ಪಲ್ಲ. ಎದ್ದು ನಿಂತು ಉತ್ತರ ಹೇಳಬೇಕಲ್ಲ ಎಂಬ ಹೆದರಿಕೆಗೇ ನಾನು ಶಾಲೆ ಬಿಟ್ಟವಳು. ಆದರೆ ಪೊರೆ ಎಲ್ಲಿ ಬಿದ್ದಿದೆ, ಬಾಲ ಯಾವ ಕಡೆ ಸರಿಯಿತು, ಧೂಳಿನಲ್ಲಿ ಗೀರು ಎಲ್ಲಿಗೆ ಹೋಗಿದೆ, ಇವೆಲ್ಲ ಮಾವನಿಗಿಂತ ಮೊದಲೇ ನನ್ನ ಕಣ್ಣಿಗೆ ಬೀಳುತ್ತವೆ. ಈ ಕೆಲಸ ಬಿಟ್ಟು ಬೇರೆ ಯಾವುದೂ ನನಗೆ ಬೇಕಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಮತ್ತೆ ಮುಚ್ಚಿ, ಇನ್ನೊಂದು ಚೀಲ ಎತ್ತಿ ಬೆಳಕಿಗೆ ಹಿಡಿದೆ.

ಅಷ್ಟರಲ್ಲಿ ಫೋನು ಬಂತು, ಅತ್ತೆ ಎತ್ತಿದರು. ಎರಡು ಬೀದಿ ಆಚೆಯ ಒಂದು ಮನೆಯಲ್ಲಿ, ಬಟ್ಟೆ ಒಗೆಯುವ ಮಿಷನ್ ಹಿಂದೆ ಹಾವು. ಮಾವ ಕೊಕ್ಕೆ ಎತ್ತಿಕೊಂಡರು.

“ಜನರನ್ನ ಯಾರು ನೋಡ್ಕೋತಾರೆ?” ಎಂದರು ಅತ್ತೆ.

ಮಾವ ನನ್ನತ್ತ ಬೆರಳು ತೋರಿಸಿದರು.

“ಇವಳಾ? ಇವಳು ಬಾಯಿ ಬಿಡೋದೂ ಒಂದೇ, ಆ ಮಿಷನ್ ಹಾಡು ಹೇಳೋದೂ ಒಂದೇ.”

ಆ ಮನೆಯ ಹಿಂಬದಿಯಲ್ಲಿ ಬಟ್ಟೆ ಒಗೆಯಲೆಂದೇ ಒಂದು ಸಣ್ಣ ಕೋಣೆ. ಮನೆಯ ಮಗ ಒಳಗೆ ಸ್ಟೂಲಿನ ಮೇಲೆ ಪೊರಕೆ ಹಿಡಿದು ನಿಂತಿದ್ದ. ಅವನ ಹೆಂಡತಿ ಮೂಲೆಯಲ್ಲಿ ದೊಡ್ಡ ಪಾತ್ರೆಯ ಮುಚ್ಚಳವನ್ನು ಎದೆಗೆ ಅವಚಿಕೊಂಡಿದ್ದಳು. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು. ಅವರ ಕಣ್ಣು ಮಿಷನ್ನಿನ ಬುಡದಿಂದ ಕದಲುತ್ತಿರಲಿಲ್ಲ.

“ಕರೀ ಹಾವು, ಎರಡು ಮಾರು ಇದೆ,” ಎಂದ ಮಗ.

“ಕರೀದಲ್ಲ, ಚುಕ್ಕೆ ಇತ್ತು. ನೀವು ನೋಡಿದ್ದು ಮಿಷನ್ ಪೈಪು,” ಎಂದಳು ಹೆಂಡತಿ.

“ನೀನು ಕಣ್ಣು ಮುಚ್ಕೊಂಡು ಕಿರುಚ್ತಿದ್ದೆ, ಚುಕ್ಕೆ ಹೇಗೆ ಕಾಣ್ತು?”

ಮಾವ ಎಲ್ಲರೂ ಇದ್ದಲ್ಲೇ ನಿಲ್ಲಲಿ ಎಂದು ಅಂಗೈ ಅಗಲಿಸಿ ಮುಂದಕ್ಕೆ ಚಾಚಿದರು.

“ಐದಾ?” ಎಂದ ಸ್ಟೂಲಿನ ಮೇಲಿದ್ದವನು. “ಐದು ಹಾವಾ?”

“ಐದಂತೆ ಅತ್ತೆ,” ಎಂದು ಸೊಸೆ ಅಜ್ಜಿಗೆ ಹೇಳಿ ಮುಚ್ಚಳವನ್ನು ತಲೆಯ ಮೇಲಿಟ್ಟುಕೊಂಡಳು. ಮಾವ ಅಲ್ಲ ಅಲ್ಲ ಎಂದು ಕೈಯಾಡಿಸಿ, ಮೂಲೆಯಲ್ಲಿ ನೀರು ಹೋಗುವ ತೂತನ್ನು ತೋರಿಸಿದರು. “ಕೆಳಗಡೆ ಇನ್ನೂ ಇವೆಯಂತೆ,” ಎಂದ ಮಗ. ಅವನ ಕೈಯಿಂದ ಪೊರಕೆ ಜಾರಿ ಧೊಪ್ಪನೆ ಬಿತ್ತು.

ಆ ಸದ್ದಿಗೆ ಹಾವು ಮೈ ಸರಿಸಿತು. ಮಿಷನ್ನಿನ ಕೆಳಗೆ ಕಾಣುತ್ತಿದ್ದ ಬಾಲ ಒಂದು ಗೇಣು ಒಳಕ್ಕೆ ಹೋಯಿತು. ತಲೆ ತೂತಿನ ಕಡೆಗಿದೆ ಎಂದು ನನಗೆ ಗೊತ್ತಾಯಿತು. ಕೊಳವೆಯೊಳಗೆ ಇಳಿದರೆ ಸಿಕ್ಕಿಕೊಂಡು ಸಾಯುತ್ತದೆ, ಇಲ್ಲದಿದ್ದರೆ ಇನ್ಯಾರದೋ ಬಚ್ಚಲಲ್ಲಿ ಏಳುತ್ತದೆ. ತೂತು ಸೊಸೆಯ ಪಕ್ಕದಲ್ಲಿತ್ತು, ಮಾವ ಈ ತುದಿಯಲ್ಲಿದ್ದರು. ಅವರು ಬಾಯಿ ತೆರೆದರು. ಬರೀ ಗಾಳಿ ಬಂತು. ನನ್ನ ಕಡೆ ನೋಡಿದರು.

“ಅಕ್ಕ,” ಎಂದೆ. ಸೊಳ್ಳೆ ಗುಂಯ್ ಎಂದಂತೆ ಕೇಳಿಸಿತು.

“ಏ, ಸುಮ್ನಿರ್ರೋ,” ಎಂದರು ಅಜ್ಜಿ, ಕಣ್ಣು ಕದಲಿಸದೆ. “ಆ ಹುಡುಗಿ ಏನೋ ಹೇಳ್ತಾ ಇದಾಳೆ.”

ಎಲ್ಲರೂ ಸುಮ್ಮನಾಗಿ ನನ್ನನ್ನೇ ನೋಡಿದರು. ಥೇಟ್ ಶಾಲೆಯ ಹಾಗೆ. ಆದರೆ ಹಾವಿನ ಮೇಲಿಂದ ಕಣ್ಣು ತೆಗೆಯಬಾರದು ಎಂದು ಮಾವ ಕಲಿಸಿದ್ದರಲ್ಲ, ನಾನು ಬಾಲವನ್ನೇ ನೋಡುತ್ತಿದ್ದೆ. ಆಗ ಹೊಳೆಯಿತು. ಈ ಕೆಲಸದಲ್ಲಿ ಯಾರ ಮುಖವನ್ನೂ ನೋಡಿ ಮಾತಾಡಬೇಕಾಗಿಲ್ಲ. ನೋಡಲೂ ಬಾರದು.

“ಅಕ್ಕ, ನಿಮ್ಮ ಬಲಗಡೆ ಬಕೆಟ್ ಮೇಲೆ ಟವೆಲ್ ಇದೆ. ಅದನ್ನ ಮುದ್ದೆ ಮಾಡಿ ಆ ತೂತಿಗೆ ತುರುಕಿ. ನಿಧಾನ.”

“ಹೊಸ ಟವೆಲ್ ಕಣೇ ಅದು.”

“ಒಗೀಬಹುದು ಅಕ್ಕ. ಮಿಷನ್ ಪಕ್ಕದಲ್ಲೇ ಇದೆ.”

ಅಜ್ಜಿ ಕಿಸಕ್ಕನೆ ನಕ್ಕರು. ಸೊಸೆ ಟವೆಲ್ ತುರುಕಿದಳು.

ಕೈಗೊಂದು ಕೆಲಸ ಕೊಟ್ಟರೆ ಜನರ ಕಾಲು ನಿಲ್ಲುತ್ತದೆ ಎಂದು ಮಾವ ಯಾವಾಗಲೂ ಹೇಳುತ್ತಾರೆ. “ಅಣ್ಣ, ನೀವು ಇಳೀಬೇಡಿ,” ಎಂದೆ.

“ಇಳೀತೀನಿ ಅಂತ ನಾನೆಲ್ಲಿ ಹೇಳ್ದೆ?”

“ಅಲ್ಲಿಂದಲೇ ಮೊಬೈಲ್ ಟಾರ್ಚು ಮಿಷನ್ ಹಿಂದಕ್ಕೆ ಹಿಡೀರಿ. ಎತ್ತರದಲ್ಲಿರೋರು ನೀವೊಬ್ಬರೇ.”

ಅವನು ಗಂಟಲು ಸರಿಮಾಡಿಕೊಂಡು ಬೆಳಕು ಹಿಡಿದ. ಆಮೇಲೆ ಅವನ ಕೈ ಒಂದಿಷ್ಟೂ ಅಲ್ಲಾಡಲಿಲ್ಲ.

“ಅಜ್ಜಿ, ಈ ಕಡೆಯಿಂದ ತಲೆ ಬಂದರೆ ಹೇಳ್ತೀರಾ?”

“ಅದಕ್ಕೇ ಅಲ್ವಾ ಬೆಳಿಗ್ಗೆಯಿಂದ ಕೂತಿರೋದು? ಇಲ್ಲೇ ಇದೆ, ಒಂದೇ ಇದೆ ಅಂತ ಹೇಳೋಕೆ ನನ್ನನ್ನ ಯಾರಾದ್ರೂ ಕೇಳಿದ್ರೆ ತಾನೆ?”

ಬೆಳಕಿನಲ್ಲಿ ಕಂದು ಮೈ ಕಂಡಿತು. ನನ್ನ ಮುಂಗೈಯಷ್ಟು ದಪ್ಪ. “ಕೇರೆ ಹಾವು. ವಿಷ ಇಲ್ಲ. ಇಲಿ ಹುಡುಕ್ಕೊಂಡು ಬಂದಿದೆ,” ಎಂದೆ. ಮಾವ ಹೌದೆಂದು ತಲೆಯಾಡಿಸಿ, ಬಾಲ ಹಿಡಿದು, ಹೊಟ್ಟೆಯಡಿ ಕೊಕ್ಕೆ ಕೊಟ್ಟು ಮೆಲ್ಲಗೆ ಈಚೆಗೆ ತಂದರು. ನಾನು ಚೀಲದ ಬಾಯಿ ಅಗಲಿಸಿದೆ. ಒಳಗಿನ ಕತ್ತಲು ಕಂಡದ್ದೇ ಅದು ತಾನಾಗಿಯೇ ಜಾರಿಕೊಂಡಿತು. ಬಾಯಿ ತಿರುಚಿ ಗಂಟು ಹಾಕಿದೆ.

“ಒಂದೇನಾ? ಮಿಕ್ಕ ನಾಲ್ಕು?” ಎಂದ ಮಗ.

“ಒಂದೇ ಅಣ್ಣ. ಈಗ ಇಳೀಬಹುದು.”

ಹೊರಡುವಾಗ ಅಜ್ಜಿ ಮಾವನನ್ನು ಕೇಳಿದರು. “ಏನಪ್ಪಾ, ನಿನಗೆ ಮಾತು ಬರಲ್ವಾ?” ಮಾವ ಗಂಟಲು ಮುಟ್ಟಿ ತೋರಿಸಿದರು. “ಹೋಗ್ಲಿ ಬಿಡು, ನಿನ್ನ ಹುಡುಗಿಗೆ ಬರುತ್ತಲ್ಲ.”

ಬಡಾವಣೆ ಮುಗಿದ ಮೇಲೆ ಸಿಗುವ ಕಲ್ಲುಬಂಡೆಗಳ ನಡುವೆ ಚೀಲ ಬಿಚ್ಚಿದೆವು. ಹಾವು ತಲೆಯೆತ್ತಿ, ನಾಲಿಗೆಯಾಡಿಸಿ, ನಮ್ಮ ಪರಿಚಯವೇ ಇಲ್ಲವೆಂಬಂತೆ ಪೊದೆಯೊಳಗೆ ಹೋಯಿತು. ಮಾವ ನನ್ನ ತಲೆಯ ಮೇಲೊಂದು ಮೊಟಕಿದರು.

ನಾವು ಮನೆ ಮುಟ್ಟುವ ಮೊದಲೇ ಆ ಸೊಸೆಯ ಫೋನು ಅತ್ತೆಗೆ ಬಂದಾಗಿತ್ತು. “ಮಿಷನ್ ಪಕ್ಕದಲ್ಲೇ ಇದೆ ಅಂದೆಯಂತೆ? ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಆ ಬಾಯನ್ನ?” ಎಂದು ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೊಲಿಗೆ ಅಂಗಡಿಯ ಮಾತು ಎತ್ತಲಿಲ್ಲ. ಅಲ್ಲಿಗೆ ಹೋಗುವುದು ಬೇಡ ಎಂದೂ ಅನ್ನಲಿಲ್ಲ.

ಹಾವಿದ್ದ ಚೀಲವನ್ನೂ ಒಗೆಯದೆ ಉಳಿದಿದ್ದ ಹಳೆಯ ಚೀಲಗಳನ್ನೂ ನಾನು ತೊಳೆದೆ. ಮಾವ ಅವನ್ನು ಬಕೆಟ್ಟಿನಲ್ಲಿ ಹಿಡಿದು ನಿಂತರು, ನಾನು ಒಂದೊಂದೇ ಎತ್ತಿಕೊಟ್ಟೆ. ಅತ್ತೆ ಎರಡು ಕ್ಲಿಪ್ಪುಗಳನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೊದಲ ಚೀಲವನ್ನು ತಂತಿಗೆ ಹಾಕಿದರು. ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಆ ತುದಿಯನ್ನೇ ನೋಡುತ್ತಾ ಹೇಳಿದೆ.

“ಅತ್ತೆ, ನನ್ನನ್ನ ಹೊಲಿಗೆ ಅಂಗಡಿಗೆ ಕಳಿಸಬೇಡಿ.”

ಮಾವ ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. ಅತ್ತೆ ಕ್ಲಿಪ್ಪು ಕಚ್ಚಿಕೊಂಡೇ ಹೂಂ ಎಂಬಂತೆ ತಲೆಯಾಡಿಸಿ, ಇನ್ನೊಂದು ಚೀಲಕ್ಕೆ ನನ್ನತ್ತ ಕೈ ಚಾಚಿದರು.