ರಾಹುಕಾಲದ ಒಂದೂವರೆ ಗಂಟೆ

ಕಾಳಹಸ್ತಿಯಲ್ಲಿ ಮನೆ ಇದ್ದವರಿಗೆ ನೆಂಟರ ಬರ ಎಂಬುದಿಲ್ಲ. ಜಾತಕದಲ್ಲಿ ರಾಹು ಕೆರಳಿದವರು, ಕೇತು ಮುನಿದವರು, ಮಗಳಿಗೆ ಗಂಡು ಕೂಡಿಬರದವರು, ಮಗನಿಗೆ ಕೆಲಸ ಹತ್ತದವರು, ಎಲ್ಲರೂ ದೋಷ ಕಳೆದುಕೊಳ್ಳಲು ಈ ಊರಿಗೇ ಬರಬೇಕು. ಬಂದವರು ಲಾಡ್ಜಿನಲ್ಲಿ ಇಳಿದರೆ ಮನೆಯವರಿಗೆ ಅವಮಾನ. ಹಾಗಾಗಿ ಪ್ರಸೂನಳ ಮನೆಯ ಪಡಸಾಲೆಯಲ್ಲಿ ವರ್ಷದ ಮುಕ್ಕಾಲು ಪಾಲು ಯಾರದಾದರೂ ಹಾಸಿಗೆ ಹಾಸಿಯೇ ಇರುತ್ತಿತ್ತು. ಮದುವೆಯಾಗಿ ಬಂದ ಹದಿನಾರು ವರ್ಷದಲ್ಲಿ ಅವಳು ಎಷ್ಟು ಜನರ ಗ್ರಹಚಾರಕ್ಕೆ ಅನ್ನ ಬೇಯಿಸಿ ಹಾಕಿದ್ದಾಳೋ ಲೆಕ್ಕವಿಲ್ಲ. ಅವಳ ಗ್ರಹಚಾರ ಏನೆಂದು ಕೇಳಿದವರು ಮಾತ್ರ ಯಾರೂ ಇಲ್ಲ.

ಆದರೆ ಆ ನೆಂಟರಿಂದಲೇ ಅವಳಿಗೊಂದು ಉಪಕಾರವೂ ಆಗುತ್ತಿತ್ತು. ಪೂಜೆಗೆ ರಾಹುಕಾಲವೇ ಶ್ರೇಷ್ಠ ಎಂದು ಎಲ್ಲರೂ ಆ ಹೊತ್ತಿಗೇ ಗುಡಿಗೆ ಹೊರಡುತ್ತಿದ್ದರು. ದಾರಿ ತೋರಿಸಲು ಅವಳ ಗಂಡ ಮುನಿಕೃಷ್ಣ, ಪೂಜಾರಿಗಳ ಪರಿಚಯ ಹೇಳಿಕೊಳ್ಳಲು ಅತ್ತೆ ಚೆಂಗಮ್ಮ, ಪ್ರಸಾದದ ಆಸೆಗೆ ಮಕ್ಕಳಿಬ್ಬರು, ಎಲ್ಲರೂ ಅವರ ಹಿಂದೆಯೇ. ಮನೆ ಒಂದೂವರೆ ಗಂಟೆ ಖಾಲಿ. ಊರೆಲ್ಲ ಒಳ್ಳೆಯ ಕೆಲಸಕ್ಕೆ ಕೈಹಾಕಲು ಹೆದರುವ ಆ ಹೊತ್ತಿನಲ್ಲಿ ಪ್ರಸೂನ ಕದ ಹಾಕಿ, ಪಡಸಾಲೆಯ ಹಾಸಿಗೆ ಸುತ್ತಿ, ಬೀರುವಿನಿಂದ ತನ್ನ ನಾಲ್ಕು ಗಜದ ಬಟ್ಟೆ ತೆಗೆದು ಹಾಸಿ ಚಿತ್ರ ಬರೆಯುವ ಬಿದಿರಿನ ಕಲಂ ಹಿಡಿಯುತ್ತಿದ್ದಳು. ಮಂಗಳವಾರವಾದರೆ ಮಧ್ಯಾಹ್ನ ಮೂರಕ್ಕೆ, ಭಾನುವಾರವಾದರೆ ನಾಲ್ಕೂವರೆಗೆ. ಪಂಚಾಂಗವನ್ನು ಅವಳಷ್ಟು ಶ್ರದ್ಧೆಯಿಂದ ನೋಡುವವರು ಆ ಬೀದಿಯಲ್ಲೇ ಇರಲಿಲ್ಲ.

"ರಾಹುಕಾಲದಾಗೆ ಹಿಡಿದ ಕೆಲಸ ಉದ್ಧಾರ ಆಗಲ್ಲ ಕಣೆ," ಎಂದು ಚೆಂಗಮ್ಮ ಗೊಣಗುತ್ತಿದ್ದಳು.

"ಬೇರೆ ಕಾಲ ಯಾವುದಿದೆ ಹೇಳಿ ಅತ್ತೆ, ಅದರಲ್ಲೇ ಹಿಡೀತೀನಿ," ಎಂದರೆ ಚೆಂಗಮ್ಮ ಎಲೆಗೆ ಸುಣ್ಣ ಹಚ್ಚತೊಡಗುತ್ತಿದ್ದಳು.

ಕಲಂಕಾರಿಯಲ್ಲಿ ಎರಡು ಬಗೆಯ ಕೈಗಳಿವೆ. ಗೆರೆ ಎಳೆಯುವ ಕೈ, ಬಣ್ಣ ತುಂಬುವ ಕೈ. ಗೆರೆ ಎಳೆದವನ ಹೆಸರು ಬಟ್ಟೆಯ ಜೊತೆ ಹೋಗುತ್ತದೆ. ಬಣ್ಣ ತುಂಬಿದವಳ ಹೆಸರು ಬಣ್ಣದ ನೀರಿನ ಜೊತೆ ಹೊಳೆಗೆ ಹೋಗುತ್ತದೆ. ಪ್ರಸೂನ ಹನ್ನೊಂದು ವರ್ಷದಿಂದ ಗುರವಯ್ಯನವರ ಕಾರ್ಖಾನೆಗೆ ಬಣ್ಣ ತುಂಬಿಕೊಡುತ್ತಿದ್ದಳು. ಅಲ್ಲಿ ಗೆರೆ ಎಳೆಯುತ್ತಿದ್ದ ಇಬ್ಬರಲ್ಲಿ ಒಬ್ಬ ಬಿಟ್ಟುಹೋದಾಗ, ಎಂದೂ ಬಾಯಿ ಬಿಡದವಳು ಬಾಯಿಬಿಟ್ಟು ಆ ಜಾಗ ತನಗೆ ಕೊಡಿ ಎಂದು ಕೇಳಿಬಿಟ್ಟಳು. ಗುರವಯ್ಯ ನಗಲಿಲ್ಲ, ಅದೇ ದೊಡ್ಡದು.

"ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ. ನಾಲ್ಕು ಗಜ ಬಟ್ಟೆ, ನಿಂದೇ ಚಿತ್ರ, ಪೂರ್ತಿ ಗೆರೆ. ಮುಂದಿನ ತಿಂಗಳ ಕೊನೇ ಸೋಮವಾರ ಬೆಳಿಗ್ಗೆ ತಂದು ತೋರಿಸು. ಆವತ್ತೇ ಈ ಜಾಗ ಕೇಳಿರೋ ವೆಂಕಟಗಿರಿ ಹುಡುಗನೂ ತರ್ತಾನೆ. ಆವತ್ತು ಬರ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬೇಡ," ಎಂದಿದ್ದರು.

ಅವಳು ಅಳಲೆಕಾಯಿ ಪುಡಿಯನ್ನು ಎಮ್ಮೆಯ ಗಟ್ಟಿ ಹಾಲಿನಲ್ಲಿ ಕದಡಿ ಬಟ್ಟೆ ಅದ್ದಿ ಒಣಗಿಸಿದ್ದಳು. ಚಿತ್ರಕ್ಕೆ ಆರಿಸಿಕೊಂಡದ್ದು ಊರಿನ ಸ್ವರ್ಣಮುಖಿ ಹೊಳೆ, ಹೊಳೆಯಲ್ಲಿ ಸಾಲಾಗಿ ನಿಂತು ಬಟ್ಟೆ ಜಾಲಿಸುವ ಹನ್ನೆರಡು ಹೆಂಗಸರು. ಆರು ವಾರದ ರಾಹುಕಾಲಗಳಲ್ಲಿ ನೀರು, ಮೀನು, ಸೀರೆಯ ನೆರಿಗೆ, ಬಳೆ ಎಲ್ಲ ಮುಗಿದಿತ್ತು. ಉಳಿದದ್ದು ಮುಖ. ಈ ಕಸುಬಿನಲ್ಲಿ ಮುಖ ಕೊನೆಗೆ. ಒಮ್ಮೆ ಆತುರಬಿದ್ದು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಳೆದು, ಒಬ್ಬಳ ಮಣಿಕಟ್ಟು ಒನಕೆಯಷ್ಟು ದಪ್ಪವಾಗಿ ಕೂತಿತ್ತು. ಕಬ್ಬಿಣದ ತುಕ್ಕು, ಬೆಲ್ಲ ಕೊಳೆಸಿ ಮಾಡಿದ ಆ ಕಪ್ಪು ಬಣ್ಣ ಬಟ್ಟೆಗೆ ತಾಗಿದರೆ ತಾಗಿದಂತೆಯೇ, ಅಳಿಸುವಂತಿಲ್ಲ. ಗೆರೆ ಹಸಿ ಇರುವಾಗ ಒಂದು ಹನಿ ನೀರು ಬಿದ್ದರೂ ಹರಡಿ ಹಾಳಾಗುತ್ತದೆ. ಆಮೇಲೆ ಅವಳು ಹಗಲಿನ ಬೆಳಕನ್ನೇ ಕಾದಳು. ಕಾಯುತ್ತಾ ಕಾಯುತ್ತಾ ಕೊನೆಯ ಭಾನುವಾರ ಬಂದೇಬಿಟ್ಟಿತು. ಹನ್ನೆರಡು ಮುಖ, ತೊಂಬತ್ತು ನಿಮಿಷ.

ಆ ದಿನದ ನೆಂಟರು ಬೇರೆ ಯಾರೂ ಅಲ್ಲ, ನಾದಿನಿ ಸುಗುಣ. ಗೂಡೂರಿನಿಂದ ಗಂಡ, ನಾಲ್ಕು ವರ್ಷದ ಮಗಳು ಚಿನ್ನಿಯನ್ನು ಕಟ್ಟಿಕೊಂಡು ಬಂದು ಮೂರು ದಿನವಾಗಿತ್ತು. ಕೆಟ್ಟವಳಲ್ಲ. ನೆಂಟರಲ್ಲಿ ಬಂದಾಗಲೆಲ್ಲ ಪಾತ್ರೆ ತೊಳೆಯಲು ತಾನಾಗಿ ಕೂರುವವಳು ಅವಳೊಬ್ಬಳೇ. ಆದರೆ ಹೊರಡುವಾಗ ಹೊಸಿಲಲ್ಲಿ ನಿಂತು ಮಾತಾಡುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

"ಪೂಜೆ ಆದ್ಮೇಲೆ ಯಾರ ಮನೆಗೂ ಹೋಗಂಗಿಲ್ಲ, ನೆಟ್ಟಗೆ ಸ್ವಂತ ಮನೆಗೇ ಹೋಗ್ಬೇಕಂತೆ. ಬ್ಯಾಗೆಲ್ಲ ಆಟೋಗೆ ಹಾಕಿಸಿದೀನಿ. ಗುಡಿಯಿಂದ ಸೀದಾ ಸ್ಟೇಷನ್ನಿಗೆ. ಪೀಡೆ ತೊಲಗ್ತು ಅಂತ ಖುಷಿನಾ ಅತ್ತಿಗೆ?" ಎಂದಳು ಸುಗುಣ.

"ಏನ್ ಮಾತು ಅಂತ ಆಡ್ತೀಯಾ," ಎಂದಳು ಪ್ರಸೂನ. ಖುಷಿಯೇ ಆಗಿತ್ತು. ಅದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯ ನಡುವೆಯೇ ಅವಳ ಕಣ್ಣು ಗಡಿಯಾರದ ಕಡೆ ಹೋಗಿ ಬಂತು.

ಚೆಂಗಮ್ಮ ಅದನ್ನು ನೋಡಿದಳು. "ಎಷ್ಟು ಉಳಿದಿದೆ?" ಎಂದು ಮೆಲ್ಲಗೆ ಕೇಳಿದಳು.

"ಹನ್ನೆರಡು ಮುಖ."

"ಮುಖಾನೇ ಇಲ್ಲದ ಹೆಂಗಸರನ್ನ ಒಂದೂವರೆ ತಿಂಗಳಿಂದ ಬೀರುವಿನಾಗೆ ಕೂಡಿಹಾಕಿದೀಯ. ಪಾಪ ಸುತ್ಕೊಳ್ಳುತ್ತೆ," ಎಂದು ಅತ್ತೆ ಚಪ್ಪಲಿ ಮೆಟ್ಟಿದಳು.

ಆಟೋ ತಿರುವು ದಾಟುವವರೆಗೂ ಪ್ರಸೂನ ಕೈ ಬೀಸಿದಳು. ಆಮೇಲೆ ಅಗಳಿ ಹಾಕಿದಳು.

ಮೊದಲ ಮುಖಕ್ಕೆ ಹತ್ತು ನಿಮಿಷ ಹಿಡಿಯಿತು. ಬಿದಿರು ಕಡ್ಡಿಗೆ ಸುತ್ತಿದ ಉಣ್ಣೆಯನ್ನು ಬೆರಳಿನಲ್ಲಿ ಒತ್ತಿದಷ್ಟು ಕಪ್ಪು ಇಳಿಯುತ್ತದೆ. ಹೆಚ್ಚು ಒತ್ತಿದರೆ ಮೂಗೇ ಮುಳುಗುತ್ತದೆ. ಹಣೆಯಿಂದ ಹಿಡಿದ ಗೆರೆ ಮೂಗಿನ ಮೇಲೆ ಹಾದು, ತುಟಿ ಮುಟ್ಟಿ, ಗಲ್ಲಕ್ಕೆ ಬರುವತನಕ ಕೈ ಎತ್ತುವಂತಿಲ್ಲ, ಎತ್ತಿದರೆ ಅಲ್ಲೊಂದು ಗಂಟು ಬೀಳುತ್ತದೆ. ಎರಡನೆಯದು ಎಂಟು ನಿಮಿಷ. ಮೂರನೆಯದರಿಂದ ಕೈ ತಾನೇ ಓಡತೊಡಗಿತು. ಕುಕ್ಕರ್, ಒಗೆಯುವ ಬಟ್ಟೆ, ನಾಳೆಯ ತಿಂಡಿಗೆ ನೆನೆಹಾಕಬೇಕಾದ ಉದ್ದು, ತಲೆಯೊಳಗೆ ಸದಾ ಗಿಜಿಗುಟ್ಟುವ ಆ ಸಂತೆ ನಿಂತುಹೋಯಿತು. ಇದಕ್ಕಾಗಿಯೇ ಅಲ್ಲವೇ ಅವಳು ಹದಿನಾರು ವರ್ಷ ಒಳಗೊಳಗೇ ಹಸಿದದ್ದು. ಐದೂ ಕಾಲಿಗೆ ಏಳು ಮುಖ ಮುಗಿದಿದ್ದವು. ಎಂಟನೆಯವಳ ಹಣೆಗೆ ಕಲಂ ಇಟ್ಟಳು.

ಹೊರಗೆ ಆಟೋ ನಿಂತಿತು. ಕದ ಬಡಿದ ಸದ್ದು.

"ಅತ್ತಿಗೆ, ನಾವೇ. ಟ್ರೈನು ಎರಡು ಗಂಟೆ ಲೇಟಂತೆ. ಪೂಜೆ ಬೇಗ ಮುಗೀತು. ಚಿನ್ನಿಗೆ ಹಸಿವು," ಸುಗುಣಳ ದನಿ ಕೇಳಿಸಿತು.

ಕಲಂ ಮೂಗಿನ ತುದಿಯಲ್ಲಿತ್ತು. ಪ್ರಸೂನ ಉಸಿರು ಕಟ್ಟಿ ಗಲ್ಲದವರೆಗೆ ಎಳೆದಳು. ಗೆರೆ ಅಲುಗಲಿಲ್ಲ.

"ಪ್ರಸೂನಾ," ಗಂಡನ ದನಿ. ಅಗಳಿ ಗಡಗಡ ಎಂದಿತು. "ಒಳಗೇ ಇದೀಯಲ್ಲ, ಕದ ತೆಗಿ. ಮಗು ಅಳ್ತಿದೆ."

ಅಳುತ್ತಲೇ ಇತ್ತು. ಕದ ತೆಗೆದರೆ ಮುಂದಿನದನ್ನು ಹೇಳಬೇಕಿಲ್ಲ. ಚಿನ್ನಿ ತೊಳೆದ ಒದ್ದೆ ಕಾಲಲ್ಲೇ ಒಳಗೆ ಓಡುತ್ತಾಳೆ. ಬಟ್ಟೆ ಮಡಿಸಲಾಗದು, ಗೆರೆ ಹಸಿಯಿದೆ. ಇನ್ನು ಕಾಫಿ, ಉಪ್ಪಿಟ್ಟು, ಮಾತು, ಮತ್ತೊಮ್ಮೆ ಬೀಳ್ಕೊಡುಗೆ. ಅಷ್ಟು ಹೊತ್ತಿಗೆ ಬೆಳಕು ಹೋಗಿರುತ್ತದೆ. ನಾಳೆ ಬೆಳಿಗ್ಗೆ ನಾಲ್ಕು ಹೆಂಗಸರು ಬೋಳು ಮುಖದಲ್ಲಿ ಗುರವಯ್ಯನವರ ಮುಂದೆ ನಿಲ್ಲುತ್ತಾರೆ. 'ತೆಗೀತೀನಿ, ಈ ಒಂದು ಕಣ್ಣು ಮುಗಿಸಿ ತೆಗೀತೀನಿ' ಎಂದುಕೊಂಡಳು. ಕಣ್ಣು ಮುಗಿಯಿತು. ಅವಳು ಏಳಲಿಲ್ಲ. ಒಂಬತ್ತನೆಯವಳ ಕಡೆ ಸರಿದಳು.

"ಸ್ನಾನಕ್ಕೆ ಹೋಗಿರ್ತಾಳೆ ಬಿಡೋ, ಕದ ಮುರೀಬೇಡ," ಚೆಂಗಮ್ಮ ಮಗನನ್ನು ಗದರಿದಳು. ಆಮೇಲೆ ಅದೇ ಉಸಿರಿನಲ್ಲಿ, "ಅಲ್ಲಾ ಸುಗುಣಾ, ನೀನಾದ್ರೂ ಹೆಂಗೆ ಬಂದೆ ಇಲ್ಲಿಗೆ? ಪೂಜೆ ಮಾಡಿಸ್ಕೊಂಡೋರು ಬೇರೆ ಮನೆ ಹೊಸಿಲು ತುಳೀಬಾರದು ಅಂತ ಪೂಜಾರಿ ಹೇಳ್ಲಿಲ್ವಾ?" ಎಂದಳು.

"ಬೇರೆ ಮನೆ ಅಂದ್ರೆ? ಇದು ನಾನು ಹುಟ್ಟಿದ ಮನೆ ಕಣಮ್ಮ."

"ಹುಟ್ಟಿದ್ದು ಇಲ್ಲಿ. ತಾಳಿ ಬಿದ್ದ ದಿನ ಮನೆಹೆಸರು ಬದಲಾಯ್ತು, ಮನೇನೂ ಬದಲಾಯ್ತು. ನಿನ್ನ ಮನೆ ಗೂಡೂರಲ್ಲಿದೆ."

"ಅಮ್ಮಾ, ಮಗೂಗೆ ಎರಡು ತುತ್ತು ತಿನ್ನಿಸಿಕೊಂಡು ಹೋಗೋಕೂ ಬೇಡ್ವಾ?"

"ಮುನಿಕೃಷ್ಣ, ಹೋಗಿ ಹಾಲು ಬನ್ನು ತಗೊಂಡ್ಬಾ. ಜಗಲಿ ಮೇಲೂ ಬೇಡ, ಆಟೋದಲ್ಲೇ ತಿನ್ನಲಿ. ಇಷ್ಟು ಖರ್ಚು ಮಾಡಿ ಪೂಜೆ ಮಾಡಿಸಿದೀರ, ದೋಷಾನ ಮತ್ತೆ ಇಲ್ಲೇ ಇಳಿಸಿ ಹೋಗ್ತೀಯಾ?"

ಸುಗುಣ ಅಳುವುದು ಕೇಳಿಸಿತು. ಗಟ್ಟಿಯಾಗಿ ಅತ್ತಿದ್ದರೆ ವಾಸಿಯಿತ್ತು. ಮೂಗು ಎಳೆದುಕೊಳ್ಳುತ್ತಾ, ಗಂಡನಿಗೆ ಕೇಳಿಸಬಾರದೆಂದು ತಡೆದು ತಡೆದು ಅಳುತ್ತಿದ್ದಳು.

ಆಗ ಒಂದೇ ಒಂದು ಮಾತು ಸಾಕಿತ್ತು. ಮನೆಯ ಸೊಸೆಯಾದವಳು ಕದ ತೆಗೆದು, 'ಬಾ ಸುಗುಣಾ, ತವರಿಗೆ ಬರೋಕೆ ಯಾವ ದೋಷ' ಎಂದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆ ಮಾತು ಪ್ರಸೂನಳ ನಾಲಗೆಯ ಮೇಲೇ ಇತ್ತು. ಅವಳು ಅದನ್ನು ನುಂಗಿ ಕಲಂ ಅದ್ದಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯವಾದರೂ ಕೈ ನಡುಗಲಿಲ್ಲವಲ್ಲ, ಅದಕ್ಕೆ ಅವಳಿಗೆ ಇನ್ನಷ್ಟು ಭಯವಾಯಿತು. ಹತ್ತನೆಯ ಮುಖದ ಹುಬ್ಬು ಎಳೆಯುವಾಗ ಆಟೋ ಹೊರಟ ಸದ್ದು ಕೇಳಿತು. ಹನ್ನೊಂದನೆಯದಕ್ಕೆ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಹನ್ನೆರಡನೆಯವಳ ಎಡಗಣ್ಣಿಗೆ ಅವಳು ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಬೇಕಾಯಿತು. ಕಣ್ಣಲ್ಲಿ ನೀರು ತುಂಬಿದಾಗ ತಲೆ ಹಿಂದಕ್ಕೆ ಎತ್ತಿ, ಸೆರಗಿನಲ್ಲಿ ಒರೆಸಿ, ಮತ್ತೆ ಬಗ್ಗಿ ಮುಗಿಸಿದಳು.

ಕದ ತೆಗೆದಾಗ ಆರು ಗಂಟೆ. ಜಗಲಿಯ ಮೇಲೆ ಚೆಂಗಮ್ಮ ಒಬ್ಬಳೇ ಕಾಲು ಚಾಚಿ ಕೂತಿದ್ದಳು. ಮಕ್ಕಳು, ಮುನಿಕೃಷ್ಣ ಎಲ್ಲರೂ ಸುಗುಣಳನ್ನು ರೈಲು ಹತ್ತಿಸಲು ಹೋಗಿದ್ದರು.

"ಮುಗೀತಾ?" ಚೆಂಗಮ್ಮ ತಿರುಗಿ ನೋಡದೆ ಕೇಳಿದಳು.

ಪ್ರಸೂನ ಹೊಸಿಲಲ್ಲೇ ನಿಂತಳು. "ಮುಗೀತು."

"ಹನ್ನೆರಡೂ?"

"ಹನ್ನೆರಡೂ. ಅತ್ತೆ, ಆ ನಿಯಮ..."

"ಯಾವ ನಿಯಮ? ನಲವತ್ತು ವರ್ಷ ಆಯ್ತು ನಾನು ಈ ಊರಿಗೆ ಬಂದು. ಪೂಜೆ ಮುಗಿಸಿ ತವರಿಗೆ ಬಂದ ಹೆಣ್ಮಗಳನ್ನ ಬಾಗಿಲಿಂದ ಕಳಿಸಿದೋರನ್ನ ನಾನು ನೋಡಿಲ್ಲ. ಇವತ್ತು ನಾನೇ ಕಳಿಸಿದೆ." ಚೆಂಗಮ್ಮ ಬಾಗಿಲ ಚೌಕಟ್ಟು ಹಿಡಿದು ಎದ್ದಳು. "ಚೆನ್ನಾಗಿರಬೇಕು ಅದು. ಚೆನ್ನಾಗಿಲ್ಲ ಅಂದ್ರೆ ನಿನ್ನ ಸುಮ್ನೆ ಬಿಡಲ್ಲ. ಲೈಟ್ ಹಾಕು."

ಬಟ್ಟೆಯ ಅಂಚಿನಲ್ಲಿ ನಿಂತು ಚೆಂಗಮ್ಮ ಒಬ್ಬೊಬ್ಬ ಹೆಂಗಸನ್ನೂ ನೋಡುತ್ತಾ ಹೋದಳು. ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ನೋಡಿದಳು. ಪ್ರಸೂನ ಗೋಡೆಗೆ ಒರಗಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಗುರವಯ್ಯನವರ ಮಾತಿಗೂ ನಾಳೆ ಅಷ್ಟು ಹೆದರುವುದಿಲ್ಲ ಅನ್ನಿಸಿತು.

"ಮಾತಾಡ್ಸಿದ್ರೆ ಮಾತಾಡ್ತಾರೆ ಅನ್ನಂಗಿದಾರೆ," ಎಂದಳು ಚೆಂಗಮ್ಮ ಕೊನೆಗೆ. ದನಿಯಲ್ಲಿ ಸಂತೋಷವಿರಲಿಲ್ಲ. "ಫೋನ್ ತಗೋ. ಟ್ರೈನ್ ಇನ್ನೂ ಬಂದಿರಲ್ಲ."

"ಯಾರಿಗೆ?"

"ಅವಳು ಇನ್ನು ಜನ್ಮವಿಡೀ ನಮ್ಮಮ್ಮ ನನ್ನ ಹೊರಗೆ ನಿಲ್ಲಿಸಿದ್ಳು ಅಂತ ಹೊತ್ಕೊಂಡು ತಿರುಗ್ತಾಳೆ. ಹೇಳಬೇಕಾದ ಸುಳ್ಳನ್ನ ನಾನು ಹೇಳಿದೀನಿ. ಇನ್ನು ಮುಂದಿಂದು ನಿಂದು."

ಕೈ ತುಂಬ ಕಪ್ಪು ಮೆತ್ತಿತ್ತು. ತೊಳೆಯಲು ಹೊರಟವಳು ತೊಳೆಯದೆಯೇ ಫೋನು ಎತ್ತಿಕೊಂಡಳು. ಎರಡನೆಯ ರಿಂಗಿಗೇ ಸುಗುಣ ಎತ್ತಿದಳು. ಹಿಂದೆ ಸ್ಟೇಷನ್ನಿನ ಗದ್ದಲ, ಚಿನ್ನಿ ಏನನ್ನೋ ಕೇಳಿ ಹಟ ಹಿಡಿದಿದ್ದಳು.

"ಅತ್ತಿಗೆ? ಎಲ್ಲಿ ಹೋಗಿದ್ರಿ ನೀವು? ನೀವಿದ್ದಿದ್ರೆ ಅಮ್ಮ ಹಂಗೆ ಮಾಡ್ತಿರ್ಲಿಲ್ಲ," ಎಂದಳು ಸುಗುಣ. ಮೂಗು ಇನ್ನೂ ಕಟ್ಟಿತ್ತು.

"ನಾನು ಒಳಗೇ ಇದ್ದೆ ಸುಗುಣಾ," ಎಂದಳು ಪ್ರಸೂನ. "ನೀನು ಅತ್ತಿದ್ದೂ ಕೇಳಿಸ್ತು. ನಾನೇ ಕದ ತೆಗೀಲಿಲ್ಲ."